ಹೊರಳಬೇಕಾದ ಚಕ್ರಗಳು

ಈಚಿನ ವರ್ಷಗಳಲ್ಲಿ ನಮ್ಮ ಶಾಲೆಗಳ ವಿಜ್ಞಾನ ಪ್ರದರ್ಶನಗಳಿಗೆ ಹೋಗಿಬಂದವರೆಲ್ಲರೂ ಒಂದು ಬಗೆಯ ಪುಟ್ಟ ವಾಹನವನ್ನು ಅವಶ್ಯವಾಗಿ ಕಂಡಿರುತ್ತಾರೆ. ಪಾರದರ್ಶಕವಾದ ಒಂದು ಪ್ಲಾಸ್ಟಿಕ್ ಹಲಗೆ, ಅದರ ನಾಲ್ಕು ಮೂಲೆಗಳಲ್ಲಿ ಹಳದಿ ಬಣ್ಣದ ನಾಲ್ಕು ಗೇರು ಮೋಟಾರುಗಳು, ಮೇಲೊಂದು ಸರ್ಕ್ಯೂಟ್ ಬೋರ್ಡು, ಬ್ಯಾಟರಿ, ಬಣ್ಣಬಣ್ಣದ ತಂತಿಗಳ ಒಂದು ಗೋಜಲು; ಹುಡುಗನೋ ಹುಡುಗಿಯೋ ಮೊಬೈಲಿನ ಮೇಲೆ ಬೆರಳಾಡಿಸಿದಂತೆ ಅದು ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುತ್ತದೆ, ಎಡಕ್ಕೂ ಬಲಕ್ಕೂ ತಿರುಗುತ್ತದೆ. ನೋಡಿದ ತಂದೆತಾಯಿಗಳು ಸಂತೋಷಪಡುತ್ತಾರೆ, ಸಂತೋಷಪಡತಕ್ಕದ್ದೇ. ಆದರೆ ಅದು ತಿರುಗುವ ಪರಿಯನ್ನು ಸ್ವಲ್ಪ ಬಾಗಿ ನೋಡಿದವರಿಗೆ, ಆ ನಾಲ್ಕು ಚಕ್ರಗಳಲ್ಲಿ ಒಂದಾದರೂ ಮಗ್ಗುಲಿಗೆ ಹೊರಳುವುದಿಲ್ಲವೆಂಬುದೂ, ಬಲಗಡೆಯ ಮೋಟಾರುಗಳು ನಿಂತು ಎಡಗಡೆಯವು ಓಡುವಾಗ ಇಡಿಯ ಹಲಗೆಯೇ ನೆಲವನ್ನು ಉಜ್ಜಿಕೊಂಡು ಬಲಕ್ಕೆ ಜಾರುತ್ತದೆಯೆಂಬುದೂ ಗೋಚರವಾಗದೆ ಇರದು. ಚಕ್ರವೆಂಬ ವಸ್ತುವನ್ನು ಮನುಷ್ಯನು ಕಲ್ಪಿಸಿಕೊಂಡದ್ದೇ ನೆಲವನ್ನು ಉಜ್ಜದೆ ಉರುಳುವುದಕ್ಕಾಗಿ. ಅದನ್ನು ಅಡ್ಡಡ್ಡಲಾಗಿ ಎಳೆದಾಡುವುದನ್ನೇ ತಿರುವು ಎಂದು ಮಕ್ಕಳಿಗೆ ತೋರಿಸುವುದು ಯುಕ್ತವೆ ಎಂಬುದು ನನ್ನ ಪ್ರಶ್ನೆ.

ಉಪಕರಣಗಳಿಲ್ಲವೆಂಬ ಹಳೆಯ ನೆಪ ಈಗ ಎಲ್ಲ ಕಡೆಯೂ ಸಲ್ಲದು. 2016ರಲ್ಲಿ ನೀತಿ ಆಯೋಗದ ಅಡಿಯಲ್ಲಿ ಆರಂಭವಾದ ಅಟಲ್ ಇನ್ನೊವೇಷನ್ ಮಿಷನ್ನಿನ ದೆಸೆಯಿಂದ ದೇಶದ 10,000 ಶಾಲೆಗಳಷ್ಟರಲ್ಲಿ, 6ರಿಂದ 12ನೆಯ ತರಗತಿಯವರೆಗಿನ ಮಕ್ಕಳಿಗಾಗಿ ಟಿಂಕರಿಂಗ್ ಲ್ಯಾಬುಗಳು ಏರ್ಪಟ್ಟಿವೆ, ಪಾಲಿಟೆಕ್ನಿಕ್ಕುಗಳಲ್ಲಿಯೂ ಐ.ಟಿ.ಐ.ಗಳಲ್ಲಿಯೂ ಲೇತು, ಡ್ರಿಲ್ಲು, ವೆಲ್ಡಿಂಗಿನ ಸಲಕರಣೆಗಳು ಬಹುಕಾಲದಿಂದ ಉಂಟು. ಇವೆರಡನ್ನೂ ಕೂಡಿಸಿ ಮಾಡಬಹುದಾದ ಒಂದು ಕೆಲಸವನ್ನು ನಾನು ಸೂಚಿಸುತ್ತೇನೆ. ಗಣಿಗಳಲ್ಲಿ ಅದಿರು ಹೊರುವ ಡಂಪರಿನ ಹತ್ತರಲ್ಲೊಂದು ಅಳತೆಯ ಮಾದರಿ: ಒಂದು ಮೀಟರು ಉದ್ದ, ರೇಡಿಯೋದಿಂದ ನಡೆಯತಕ್ಕದ್ದು, ನಿಜವಾಗಿ ಮರಳು ಹೊರತಕ್ಕದ್ದು, ಎಲ್ಲಕ್ಕಿಂತ ಮುಖ್ಯವಾಗಿ ಮುಂಚಕ್ರಗಳನ್ನು ಹೊರಳಿಸಿ ತಿರುಗತಕ್ಕದ್ದು.

ಡಂಪರೇ ಏಕೆ, ಕಾರು ಏಕಾಗದು ಎಂದು ಕೇಳಬಹುದು. ಕಾರಿನ ಮಾದರಿಯಲ್ಲಿ ರೂಪಕ್ಕೆ ಪ್ರಾಧಾನ್ಯ. ಅದರ ಹೊಳೆಯುವ ಮೈಯ ಕೆಳಗೆ ಏನಿದೆಯೆಂದು ಯಾರೂ ವಿಚಾರಿಸುವುದಿಲ್ಲ. ಡಂಪರಿಗೆ ಅಂತಹ ಲಾವಣ್ಯದ ಹಂಗಿಲ್ಲ. ಅದರ ಚೌಕಟ್ಟು, ಅಚ್ಚು, ಜಾಕು, ಟೈರಾಡು ಎಲ್ಲವೂ ಹೊರಗೇ ಕಾಣುತ್ತವೆ. ವೇಗ ಮಂದವಾದುದರಿಂದ ಒಂದೊಂದು ಅಂಗವೂ ಮಾಡುವ ಕೆಲಸವನ್ನು ಕಣ್ಣಿನಿಂದ ಹಿಂಬಾಲಿಸಬಹುದು. ಇನ್ನೊಂದು ಕಾರಣ ನಮ್ಮ ನಾಡಿಗೆ ಸಂಬಂಧಿಸಿದ್ದು. 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯ ಮೈಸೂರಿನ ಕಾರ್ಖಾನೆಯಲ್ಲಿ, 205 ಟನ್ ಭಾರವನ್ನು ಹೊರಬಲ್ಲ ವಿದ್ಯುಚ್ಚಾಲಿತ ಡಂಪರಿನವರೆಗೆ ಹಲವು ಗಾತ್ರದ ಡಂಪರುಗಳು ತಯಾರಾಗುತ್ತವೆ; ಸಂಡೂರು ಸೀಮೆಯ ದೋಣಿಮಲೈಯಂತಹ ಗಣಿಗಳಲ್ಲಿ ಡಂಪರುಗಳು ಅದಿರು ಹೊರುತ್ತವೆ. ತಮ್ಮ ನಾಡಿನಲ್ಲಿಯೇ ಹುಟ್ಟುವ, ತಮ್ಮ ನಾಡಿನಲ್ಲಿಯೇ ದುಡಿಯುವ ಇಂತಹ ಯಂತ್ರವನ್ನು ಬಿಟ್ಟು, ಎಲ್ಲಿಯ ವಾಹನವನ್ನೂ ಹೋಲದ ಒಂದು ಪ್ಲಾಸ್ಟಿಕ್ ಹಲಗೆಯನ್ನು ನಮ್ಮ ಮಕ್ಕಳು ಏತಕ್ಕೆ ಓಡಿಸಬೇಕು?

ತಿರುವಿನ ಸಮಸ್ಯೆ ಪ್ರಾಚೀನವಾದದ್ದು. ನಮ್ಮ ಊರ ತೇರುಗಳಿಗೆ ಸ್ಟೀರಿಂಗ್ ಇಲ್ಲ. ರಥಬೀದಿಯ ಮೂಲೆಯಲ್ಲಿ ಅವುಗಳನ್ನು ತಿರುಗಿಸುವವರು, ಚಕ್ರಗಳ ಅಡಿಗೆ ಮರದ ಬೆಣೆಗಳನ್ನು ಕೊಟ್ಟು, ಹಗ್ಗ ಹಿಡಿದವರ ಬಲವನ್ನೆಲ್ಲ ಒಂದು ಮಗ್ಗುಲಿಗೆ ತಂದು, ಆ ಮಹಾಭಾರವನ್ನು ಅಂಗುಲ ಅಂಗುಲವಾಗಿ ನೆಲದ ಮೇಲೆ ಉಜ್ಜಿಸಿಯೇ ಹೊರಳಿಸಬೇಕು. ಆ ಲೆಕ್ಕದಲ್ಲಿ ಪ್ರದರ್ಶನದ ಹಲಗೆಗಾಡಿಯೂ ತೇರಿನ ವಂಶದ್ದೇ, ಉತ್ಸವಮೂರ್ತಿ ಇಲ್ಲವೆಂಬುದಷ್ಟೇ ಭೇದ. ಎತ್ತಿನ ಗಾಡಿಗೆ ಈ ಕಷ್ಟವಿಲ್ಲ: ಅದಕ್ಕಿರುವ ಎರಡು ಚಕ್ರಗಳೂ ಇರುಸಿನ ಮೇಲೆ ಒಂದರ ಹಂಗು ಒಂದಕ್ಕಿಲ್ಲದೆ ಸುತ್ತುತ್ತವೆ, ಎತ್ತುಗಳು ಎತ್ತ ಹೋದರೆ ನೊಗ ಅತ್ತ, ನೊಗ ಹೋದತ್ತ ಮೂಕಿ. ನಾಲ್ಕು ಚಕ್ರಗಳಾದಾಗಲೇ ತೊಡಕು ಉಂಟಾದದ್ದು. ಯೂರೋಪಿನ ಸಾರೋಟುಗಳಲ್ಲಿ ಮುಂದಿನ ಅಚ್ಚು ಸಮಗ್ರವಾಗಿ ಒಂದು ನಡುಗೂಟದ ಸುತ್ತ ತಿರುಗುತ್ತಿದ್ದಿತು. ಬಹಳ ತಿರುಗಿಸಿದರೆ ಗಾಡಿಯ ಮುಂದಣ ಆಸರೆ ಕಿರಿದಾಗಿ ಅದು ಮಗುಚಿಕೊಳ್ಳುವ ಭಯವೂ ಇದ್ದಿತು. ಅಚ್ಚನ್ನು ಅಲುಗಿಸದೆ, ಅದರ ಎರಡು ತುದಿಗಳಲ್ಲಿರುವ ಚಕ್ರಗಳನ್ನು ಮಾತ್ರ ತಮ್ಮ ತಮ್ಮ ಗೂಟಗಳ ಸುತ್ತ ಹೊರಳಿಸುವ ಉಪಾಯವನ್ನು ರೂಪಿಸಿದವನು ಮ್ಯೂನಿಕ್ ನಗರದ ಸಾರೋಟು ನಿರ್ಮಾಪಕನಾದ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್. 1818ರಲ್ಲಿ ಲಂಡನ್ನಿನಲ್ಲಿ ಅವನ ಪರವಾಗಿ ಅದಕ್ಕೆ ಪೇಟೆಂಟು ಪಡೆದವನು ರುಡಾಲ್ಫ್ ಆಕರ್‌ಮನ್. ಇಂದಿಗೂ ಅದನ್ನು ಆಕರ್‌ಮನ್ ಸ್ಟೀರಿಂಗ್ ಎಂದೇ ಕರೆಯುತ್ತಾರೆ. ದುಡಿದವನ ಹೆಸರು ಹಿಂದುಳಿದು ದರಖಾಸ್ತು ಕೊಟ್ಟವನ ಹೆಸರು ನಿಲ್ಲುವುದು ಲೋಕದಲ್ಲಿ ಅಪೂರ್ವವೇನೂ ಅಲ್ಲ.

ಇದರ ಒಳಗಿನ ಗಣಿತವು ಹತ್ತನೆಯ ತರಗತಿಯ ತ್ರಿಕೋಣಮಿತಿಯನ್ನು ಮೀರಿದ್ದಲ್ಲ. ವಾಹನವು ವೃತ್ತಾಕಾರವಾಗಿ ಸುತ್ತುವಾಗ ಅದರ ಎಲ್ಲ ಚಕ್ರಗಳೂ ಒಂದೇ ಕೇಂದ್ರವನ್ನು ಸುತ್ತಬೇಕು. ಹಿಂದಿನ ಚಕ್ರಗಳು ಹೊರಳುವುದಿಲ್ಲವಾದುದರಿಂದ ಆ ಕೇಂದ್ರವು ಹಿಂದಿನ ಅಚ್ಚಿನ ನೇರದಲ್ಲಿಯೇ ಎಲ್ಲಿಯಾದರೂ ಇರಬೇಕು. ಕೇಂದ್ರಕ್ಕೆ ಹತ್ತಿರವಾದ ಒಳಚಕ್ರವು ಸಣ್ಣ ವೃತ್ತವನ್ನೂ, ದೂರವಾದ ಹೊರಚಕ್ರವು ದೊಡ್ಡ ವೃತ್ತವನ್ನೂ ಬರೆಯತಕ್ಕದ್ದರಿಂದ ಒಳಚಕ್ರವು ಹೊರಚಕ್ರಕ್ಕಿಂತ ಹೆಚ್ಚು ಹೊರಳಬೇಕು. ಎಷ್ಟು ಹೆಚ್ಚು? ಎರಡು ಅಚ್ಚುಗಳ ನಡುವಣ ಅಂತರ 45 ಸೆಂಟಿಮೀಟರು, ಮುಂಚಕ್ರಗಳು ಹೊರಳುವ ಎರಡು ಗೂಟಗಳ, ಎಂದರೆ ಕಿಂಗ್‌ಪಿನ್ನುಗಳ, ನಡುವಣ ಅಂತರ 36 ಸೆಂಟಿಮೀಟರು ಇರುವ ಒಂದು ಮಾದರಿಯನ್ನು ಎಣಿಸಿಕೊಳ್ಳೋಣ. ಒಳಚಕ್ರವನ್ನು 35 ಡಿಗ್ರಿ ಹೊರಳಿಸಿದರೆ ತಿರುವಿನ ಕೇಂದ್ರವು ಅದರ ಕಿಂಗ್‌ಪಿನ್ನಿನಿಂದ ಅಡ್ಡಲಾಗಿ ಸುಮಾರು 64 ಸೆಂಟಿಮೀಟರು ದೂರದಲ್ಲಿ ಬೀಳುತ್ತದೆ. ಹೊರಗಿನ ಕಿಂಗ್‌ಪಿನ್ನಿನಿಂದ ಅದೇ ಕೇಂದ್ರ 100 ಸೆಂಟಿಮೀಟರು ದೂರ. ಆದ್ದರಿಂದ ಹೊರಚಕ್ರವು ಹೊರಳಬೇಕಾದದ್ದು ಸುಮಾರು 24 ಡಿಗ್ರಿ ಮಾತ್ರ. ಹನ್ನೊಂದು ಡಿಗ್ರಿಯ ಈ ವ್ಯತ್ಯಾಸವು ಸಾಮಾನ್ಯವಾದದ್ದಲ್ಲ. ಉದ್ದನೆಯ ಲಾರಿಯಲ್ಲಾಗಿದ್ದರೆ ಅದು ಬಹಳ ಕಡಿಮೆಯಾಗುತ್ತಿದ್ದಿತು. ಡಂಪರಿನ ಮೈ ಗಿಡ್ಡವಾಗಿ ಅಗಲವಾಗಿರುವುದರಿಂದಲೇ ಅದು ಇಷ್ಟು ಸ್ಫುಟವಾಗಿ ತೋರುತ್ತದೆ, ಮತ್ತು ಎರಡು ಚಕ್ರಗಳನ್ನೂ ಸಮಾಂತರವಾಗಿ ಹೊರಳಿಸಿಬಿಟ್ಟ ಸೋಮಾರಿಯ ತಪ್ಪು ಡಂಪರಿನಲ್ಲಿ ಮುಚ್ಚಿಕೊಳ್ಳಲಾರದು.

ಇಷ್ಟೆಲ್ಲವನ್ನೂ ಸಾಧಿಸುವ ಉಪಾಯ ಮಾತ್ರ ಆಶ್ಚರ್ಯಕರವಾಗಿ ಸರಳ. ಮುಂಚಕ್ರಗಳನ್ನು ಹೊತ್ತು ಹೊರಳುವ ಎರಡು ಸ್ಟಬ್ ಆಕ್ಸಲುಗಳಿಂದ ಹಿಂದಕ್ಕೆ ಚಾಚಿದ ತೋಳುಗಳನ್ನು ನೇರವಾಗಿ ಇಡದೆ, ಅವುಗಳ ರೇಖೆಗಳನ್ನು ಹಿಂದಕ್ಕೆ ಬೆಳೆಸಿದರೆ ಹಿಂದಿನ ಅಚ್ಚಿನ ಮಧ್ಯದಲ್ಲಿ ಸಂಧಿಸುವಂತೆ ಒಳಕ್ಕೆ ಓರೆಯಾಗಿಸಿ, ಆ ತುದಿಗಳ ನಡುವೆ ಒಂದು ಟೈರಾಡನ್ನು ಜೋಡಿಸಿದರೆ ಸಾಕು. ಮೇಲಿನ ಅಳತೆಗೆ ಆ ಓರೆ ಸುಮಾರು 22 ಡಿಗ್ರಿ. ಕಂಪ್ಯೂಟರಿನಲ್ಲಿ ಇದನ್ನು ಮಾಡುವುದಕ್ಕೆ ಮೊದಲು ಸೀಮೆಸುಣ್ಣದಲ್ಲಿ ನೆಲದ ಮೇಲೆ ನಿಜವಾದ ಅಳತೆಗೆ ಬರೆದು, ರಟ್ಟಿನ ಪಟ್ಟಿಗಳನ್ನು ಗುಂಡುಸೂಜಿಯಿಂದ ಚುಚ್ಚಿ ಹೊರಳಿಸಿ ನೋಡಬೇಕೆಂದು ನಾನು ಹೇಳುತ್ತೇನೆ. ಪಟ್ಟಿಯನ್ನು ಎಡಕ್ಕೆ ಎಳೆದಾಗ ಒಂದು ಚಕ್ರ ಬೇಗಬೇಗನೆಯೂ ಇನ್ನೊಂದು ಸಾವಕಾಶವಾಗಿಯೂ ಹೊರಳುವುದನ್ನು ತನ್ನ ಬೆರಳಿನಲ್ಲಿಯೇ ಅನುಭವಿಸಿದ ಹುಡುಗನಿಗೆ ಕೊಟ್ಯಾಂಜೆಂಟ್ ಎಂಬುದು ಆಮೇಲೆ ಬರಿಯ ಪರೀಕ್ಷೆಯ ಶಬ್ದವಾಗಿ ಉಳಿಯದು. ಅಚ್ಚು, ಎರಡು ತೋಳುಗಳು, ಟೈರಾಡು ಸೇರಿ ಆಗುವ ಈ ಚತುರ್ಭುಜವು ಎಲ್ಲ ಕೋನಗಳಲ್ಲಿಯೂ ಲೆಕ್ಕಕ್ಕೆ ನಿಖರವಾಗಿ ಹೊಂದುವುದಿಲ್ಲ, ಸಮೀಪಕ್ಕೆ ಬರುತ್ತದೆ ಅಷ್ಟೇ. ಎಷ್ಟು ಸಮೀಪಕ್ಕೆ ಎಂಬುದನ್ನೂ ಆ ರಟ್ಟೇ ತೋರಿಸುತ್ತದೆ.

ಗಾತ್ರದ ಮಾತು ಬೇರೆ. ಆಟಿಕೆಯನ್ನು ಎರಡರಷ್ಟು ದೊಡ್ಡದು ಮಾಡಿದರೆ ಕಷ್ಟವೂ ಎರಡರಷ್ಟಾಗುತ್ತದೆಂದು ತಿಳಿದವರು ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ವಿಚಾರವನ್ನು ಮರೆತವರು. ಉದ್ದ, ಅಗಲ, ಎತ್ತರಗಳು ಎರಡರಷ್ಟಾದಾಗ ಭಾರ ಎಂಟು ಮಡಿಯಾಗುತ್ತದೆ. ಆ ಭಾರ ಎರಡರಷ್ಟು ದೂರದಲ್ಲಿ ನಿಂತು ಕಿಂಗ್‌ಪಿನ್ನನ್ನು ಪ್ರತಿಭಟಿಸುವುದರಿಂದ ಚಕ್ರವನ್ನು ಹೊರಳಿಸುವ ಶ್ರಮ ಹದಿನಾರು ಮಡಿಯಾಗುತ್ತದೆ. ತುಂಬಿದಾಗ 160 ಟನ್ ತೂಗುವ ಹತ್ತು ಮೀಟರಿನ ಡಂಪರು ಹತ್ತರಲ್ಲೊಂದು ಅಳತೆಗೆ ಇಳಿದಾಗ ಲೆಕ್ಕಕ್ಕೆ 160 ಕಿಲೋ ಆಗಬೇಕು. ಹಾಗೆ ಮಾಡುವುದು ಅನಾವಶ್ಯಕ, ಮರಳು ಸೇರಿ 42 ಕಿಲೋ ಎಂದು ಇಟ್ಟುಕೊಳ್ಳೋಣ. ತುಂಬಿದ ಡಂಪರಿನಲ್ಲಿ ಮೂರರಲ್ಲೊಂದು ಪಾಲು ಮುಂದಿನ ಅಚ್ಚಿನ ಮೇಲೆಯೂ ಉಳಿದದ್ದು ಹಿಂದಿನದರ ಮೇಲೆಯೂ ಬೀಳುವಂತೆ ವಿನ್ಯಾಸ ಮಾಡುತ್ತಾರೆ, ಏಕೆಂದರೆ ಮುಂದೆ ಎರಡು, ಹಿಂದೆ ನಾಲ್ಕು, ಹೀಗೆ ಆರು ಟೈರುಗಳಿಗೂ ಸಮಭಾಗ ಬರಬೇಕು. ಆಗ ಮುಂಚಕ್ರವೊಂದರ ಪಾಲು ಏಳು ಕಿಲೋ. ನಿಂತಲ್ಲಿಯೇ ಅದನ್ನು ಹೊರಳಿಸುವಾಗ, ಘರ್ಷಣೆಯ ಗುಣಾಂಕ 0.8 ಎಂದೂ, ಟೈರು ನೆಲವನ್ನು ತಿಕ್ಕುವ ಜಾಗ ಕಿಂಗ್‌ಪಿನ್ನಿನಿಂದ ಮೂರು ಸೆಂಟಿಮೀಟರು ದೂರವೆಂದೂ ಹಿಡಿದರೆ, ಚಕ್ರಕ್ಕೆ 17ರಂತೆ ಎರಡಕ್ಕೂ 34 ಕಿಲೋ-ಸೆಂಟಿಮೀಟರಿನಷ್ಟು ತಿರುಚುಬಲ ಬೇಕು. ಶಾಲೆಯ ಕಿಟ್ಟಿನಲ್ಲಿ ಬರುವ ನೀಲಿ ಬಣ್ಣದ ಪುಟ್ಟ ಸರ್ವೋ ಮೋಟಾರಿನ ಬಲ ಎರಡು ಕಿಲೋ-ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಕಿಂಗ್‌ಪಿನ್ನನ್ನು ಚಕ್ರದ ಹೊರಗೆ ದೂರದಲ್ಲಿ ಕೂರಿಸಿ ಆ ಮೂರು ಸೆಂಟಿಮೀಟರನ್ನು ಆರು ಮಾಡಿದವನು ತಿಳಿಯದೆಯೇ ತನ್ನ ಮೋಟಾರಿಗೆ ಇಮ್ಮಡಿ ಹೊರೆ ಹೊರಿಸುತ್ತಾನೆ. ಅದನ್ನು ಚಕ್ರದ ಬಟ್ಟಲಿನ ಒಳಕ್ಕೇ ತಂದು ಟೈರಿನ ನಡುಗೆರೆಗೆ ಸಮೀಪಿಸಿದವನು ಕಾಸು ಖರ್ಚಿಲ್ಲದೆ ಅರ್ಧ ಬಲ ಉಳಿಸುತ್ತಾನೆ. ಪವರ್ ಸ್ಟೀರಿಂಗ್ ಬರುವ ಮುನ್ನಿನ ಲಾರಿ ಡ್ರೈವರುಗಳು ನಿಂತ ಗಾಡಿಯ ಸ್ಟೀರಿಂಗನ್ನು ತಿರುಗಿಸಲು ಹೋಗದೆ, ಗಾಡಿಯನ್ನು ಗೇಣಷ್ಟು ಮುಂದಕ್ಕೆ ಬಿಟ್ಟುಕೊಂಡು ತಿರುಗಿಸುತ್ತಿದ್ದುದರ ರಹಸ್ಯವೂ ಇಲ್ಲಿಯೇ ಇದೆ.

ಬಲವುಳ್ಳ ಸರ್ವೋ ಕೊಳ್ಳುವ ಶಕ್ತಿಯಿಲ್ಲದವರಿಗೆ ಗುಜರಿ ಅಂಗಡಿ ಇದೆ. ಹಳೆಯ ಕಾರಿನ ವೈಪರ್ ಮೋಟಾರು ಹನ್ನೆರಡು ವೋಲ್ಟಿನಲ್ಲಿ ನಡೆಯುತ್ತದೆ, ಅದರ ಹೊಟ್ಟೆಯಲ್ಲಿ ವರ್ಮ್ ಗೇರು ಇರುವುದರಿಂದ ಚಕ್ರಕ್ಕೆ ಕಲ್ಲು ತಾಕಿದರೂ ಹಿಂದಕ್ಕೆ ಬಿಟ್ಟುಕೊಡುವುದಿಲ್ಲ. ಚಕ್ರ ಎಷ್ಟು ಹೊರಳಿದೆಯೆಂಬ ವರದಿ ಕೊಡುವುದಕ್ಕೆ ಕಿಂಗ್‌ಪಿನ್ನಿನ ತಲೆಯ ಮೇಲೆ ರೇಡಿಯೋದ ವಾಲ್ಯೂಮಿನಂತಹ ಒಂದು ಪೊಟೆನ್ಷಿಯೋಮೀಟರನ್ನು ಕೂರಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲಿಯೂ ದೊರೆಯುವ ಒಂದು ಕಂಟ್ರೋಲರಿಗೆ ಅದನ್ನು ಜೋಡಿಸಿದರೆ ಅದೇ ಒಂದು ಮಹಾಸರ್ವೋ ಆಗುತ್ತದೆ. ಆದರೆ ಟೈರಾಡಿನ ಗಂಟುಗಳಲ್ಲಿ ಪ್ಲೇ ಇದ್ದರೆ ಇದೆಲ್ಲವೂ ವ್ಯರ್ಥ. ಕೈಯಲ್ಲಿ ಹಿಡಿದು ಅಲುಗಿಸಿದಾಗ ಗೊತ್ತಾಗುವಷ್ಟು ಸಡಿಲವಿದ್ದರೆ, ಅಂಗಳದಲ್ಲಿ ಗಾಡಿ ಅಡ್ಡಾದಿಡ್ಡಿಯಾಗಿಯೇ ನಡೆಯುತ್ತದೆ. ಕಬ್ಬಿಣಕ್ಕೆ ಕಬ್ಬಿಣವನ್ನೇ ತಾಗಿಸದೆ ನಡುವೆ ಹಿತ್ತಾಳೆಯ ಬುಷ್ ಹಾಕಬೇಕೆಂಬುದನ್ನು ಲೇತಿನ ಮುಂದೆ ನಿಂತ ಮೇಸ್ತ್ರಿಯೇ ಹೇಳಿಕೊಡಬೇಕು, ಪುಸ್ತಕ ಹೇಳುವುದಿಲ್ಲ.

ಸ್ಟೀರಿಂಗ್ ಮುಂದಿನ ಚಕ್ರಗಳಲ್ಲಿ ಮಾತ್ರ ಇದೆಯೆಂಬುದು ಒಂದು ಭ್ರಮೆ. ಹಿಂದಿನ ಎರಡು ಕಡೆಯ ಚಕ್ರಗಳನ್ನೂ ಒಂದೇ ಗಟ್ಟಿ ಸಲಾಕೆಗೆ ಬಿಗಿದು ಮೋಟಾರು ಕೊಟ್ಟರೆ, ಮುಂಚಕ್ರಗಳು ಎಷ್ಟೇ ಚೆನ್ನಾಗಿ ಹೊರಳಲಿ, ಮರಳಿನ ಮೇಲೆ ಗಾಡಿ ನೆಟ್ಟಗೇ ನುಗ್ಗುತ್ತದೆ. ಹಿಂದಿನ ಒಳಚಕ್ರವೂ ಹೊರಚಕ್ರವೂ ಬೇರೆ ಬೇರೆ ವೇಗದಲ್ಲಿ ಸುತ್ತುವುದಕ್ಕೆ ಅವಕಾಶವಿಲ್ಲದುದರಿಂದ ಅವು ಮುಂಚಕ್ರಗಳ ಆಜ್ಞೆಯನ್ನು ಉಲ್ಲಂಘಿಸುತ್ತವೆ. ಲಾರಿಯಲ್ಲಿ ಡಿಫರೆನ್ಷಿಯಲ್ ಇರುವುದು ಇದಕ್ಕಾಗಿಯೇ. ಮಾದರಿಯಲ್ಲಿ ಅದನ್ನು ಹಲ್ಲುಚಕ್ರಗಳಿಂದ ಮಾಡಬಹುದು. ಇಲ್ಲವೆ ಹಿಂದಿನ ಚಕ್ರಕ್ಕೊಂದರಂತೆ ಸಮಾನವಾದ ಎರಡು ಮೋಟಾರುಗಳನ್ನಿಟ್ಟು ಸೀರೀಸಿನಲ್ಲಿ ಜೋಡಿಸಬಹುದು. ಎರಡರಲ್ಲಿಯೂ ಒಂದೇ ವಿದ್ಯುತ್ಪ್ರವಾಹ ಹರಿಯುವುದರಿಂದ ಬಲ ಎರಡಕ್ಕೂ ಸಮ. ವೇಗವನ್ನು ಮಾತ್ರ ಅವು ತಿರುವಿಗೆ ತಕ್ಕಂತೆ ತಮ್ಮೊಳಗೆ ಹಂಚಿಕೊಳ್ಳುತ್ತವೆ. ವಿದ್ಯುಚ್ಚಾಲಿತವಾದ ದೊಡ್ಡ ಡಂಪರುಗಳಲ್ಲಿಯೂ ಹಿಂದಿನ ಎಡಬಲಗಳಿಗೆ ಬೇರೆ ಬೇರೆ ಮೋಟಾರುಗಳೇ ಇರುತ್ತವೆ. ಅವುಗಳ ವೇಗಭೇದವನ್ನು ಅಲ್ಲಿ ಎಲೆಕ್ಟ್ರಾನಿಕ್ ಯುಕ್ತಿಯಿಂದ ನಿಭಾಯಿಸುತ್ತಾರೆ.

ರೇಡಿಯೋದ ವಿಷಯದಲ್ಲಿ ಬಹಳ ಹೇಳಬೇಕಾದದ್ದಿಲ್ಲ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಿಕೋಲಾ ಟೆಸ್ಲಾ ತಂತಿಯ ಸಂಪರ್ಕವಿಲ್ಲದ ಪುಟ್ಟ ದೋಣಿಯೊಂದನ್ನು ದೂರದಿಂದ ನಡೆಸಿ ತೋರಿಸಿದಾಗ, ಅವನು ತೋರಿಸಿದ ಮುಖ್ಯ ಕಾರ್ಯಗಳಲ್ಲಿ ಚುಕ್ಕಾಣಿಯನ್ನು ತಿರುಗಿಸುವುದೂ ಒಂದು. ಇಂದಿನ ಉಪಕರಣಗಳು 2.4 ಗಿಗಾಹರ್ಟ್ಸ್ ತರಂಗಗಳಲ್ಲಿ ನಡೆಯುತ್ತವೆ. ನಮ್ಮ ದೇಶದಲ್ಲಿ ಕಡಿಮೆ ಶಕ್ತಿಯ ಬಳಕೆಗೆ 2005ರಿಂದಲೂ ಅದಕ್ಕೆ ಲೈಸೆನ್ಸು ಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ನಲವತ್ತು ಕಿಲೋ ತೂಗುವ ವಾಹನ ಸಂಕೇತ ಕಳೆದುಕೊಂಡು ಮಕ್ಕಳ ಕಾಲಿನ ಕಡೆಗೆ ಹೊರಟರೆ ಅದು ಆಟವಲ್ಲ. ಸಂಕೇತ ತಪ್ಪಿದ ಕೂಡಲೇ ಮೋಟಾರು ನಿಲ್ಲುವಂತೆ ರಿಸೀವರಿನಲ್ಲಿ ಫೇಲ್‌ಸೇಫನ್ನು ಹೊಂದಿಸಿ, ಚಕ್ರಗಳನ್ನು ನೆಲದಿಂದ ಎತ್ತಿ ಪರೀಕ್ಷಿಸಿದ ಮೇಲೆಯೇ ಅಂಗಳಕ್ಕೆ ಇಳಿಸತಕ್ಕದ್ದು.

ಆಕ್ಷೇಪಣೆಗಳು ಬರುತ್ತವೆ. ಜಾರಿ ತಿರುಗುವುದೂ ಒಂದು ಶಾಸ್ತ್ರವೇ, ಕೆ.ಜಿ.ಎಫ್.ನಲ್ಲಿ ತಯಾರಾಗುವ ಬುಲ್ಡೋಜರು ತಿರುಗುವುದು ಹಾಗೆಯೇ ಅಲ್ಲವೆ ಎಂದು ಒಬ್ಬರು ಕೇಳಿಯಾರು. ನಿಜ, ಆದರೆ ಬುಲ್ಡೋಜರಿಗೆ ಇರುವುದು ಉಕ್ಕಿನ ಪಟ್ಟಿ, ಟೈರಲ್ಲ. ಅದರ ಮಾದರಿ ಮಾಡುವವರು ಹಾಗೆಯೇ ತಿರುಗಿಸಲಿ. ಟೈರಿನ ವಾಹನವನ್ನು ಹಾಗೆ ತಿರುಗಿಸಿದವರಿಗೆ, ತಾವು ಬಿಟ್ಟದ್ದೇನು ಎಂಬ ಅರಿವಾದರೂ ಇರಬೇಕು. ಖರ್ಚಿನ ಮಾತನ್ನು ಇನ್ನೊಬ್ಬರು ಎತ್ತುತ್ತಾರೆ. ವಿದೇಶದ ಸಿದ್ಧ ಕಿಟ್ಟುಗಳನ್ನು ಕೊಳ್ಳುವುದಾದರೆ ಖರ್ಚು ವಿಪರೀತ, ಸಂದೇಹವಿಲ್ಲ: ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ 20ರಿಂದ 60 ಪ್ರತಿಶತಕ್ಕೂ, 2023ರಲ್ಲಿ 70ಕ್ಕೂ ಏರಿಸಲಾಗಿದೆ. ನನಗೆ ಅದರ ಬಗ್ಗೆ ದುಃಖವಿಲ್ಲ. ಅಚ್ಚುಕಟ್ಟಾಗಿ ಎರಕಹೊಯ್ದ ಸ್ಟೀರಿಂಗನ್ನು ಪೆಟ್ಟಿಗೆಯಿಂದ ತೆಗೆದು ಸ್ಕ್ರೂ ಬಿಗಿಯುವವನಿಗೆ ಹನ್ನೊಂದು ಡಿಗ್ರಿಯ ವ್ಯತ್ಯಾಸ ಎಂದಾದರೂ ಗೊತ್ತಾಗುವುದೆ? ಇಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದಲ್ಲಿ ಪ್ರಾಜೆಕ್ಟನ್ನು ವರದಿಯ ಸಮೇತ ಅಂಗಡಿಯಿಂದ ಕೊಂಡುತರುವ ಪದ್ಧತಿಯನ್ನು ಎಲ್ಲರೂ ಬಲ್ಲರು, ಯಾರೂ ಆಡರು. ಕೊಂಡುತಂದ ಯಂತ್ರ ಪರೀಕ್ಷಕರ ಮೇಜಿನ ಮೇಲೆ ಎರಡು ನಿಮಿಷ ಮಿಣುಕಿದರೆ ಮುಗಿಯಿತು. ಮರಳು ತುಂಬಿದ ಡಂಪರನ್ನು ಮೇಜಿನ ಮೇಲೆ ಇಡುವುದಕ್ಕೇ ಆಗದು.

ಇದು ಆಟ, ವೃತ್ತಿಗೆ ಇದರಿಂದ ಏನು ಬಂತು ಎಂಬ ಮೂರನೆಯ ಮಾತಿಗೆ ಉತ್ತರ ಆಸ್ಟ್ರೇಲಿಯದಲ್ಲಿದೆ. ಅಲ್ಲಿಯ ಪಿಲ್ಬಾರಾ ಪ್ರಾಂತದ ಕಬ್ಬಿಣದ ಗಣಿಗಳಲ್ಲಿ 2008ರಿಂದಲೂ ಚಾಲಕನಿಲ್ಲದ ಡಂಪರುಗಳು ಅದಿರು ಸಾಗಿಸುತ್ತಿವೆ. ಸುಮಾರು 1,500 ಕಿಲೋಮೀಟರು ದೂರದ ಪರ್ತ್ ನಗರದಲ್ಲಿ ಕುಳಿತವರು ಅವುಗಳ ಮೇಲ್ವಿಚಾರಣೆ ಮಾಡುತ್ತಾರೆ. ಆ ಯಂತ್ರವೂ ತಿರುವಿನಲ್ಲಿ ತನ್ನ ಎಡ ಬಲ ಚಕ್ರಗಳನ್ನು ಬೇರೆ ಬೇರೆ ಕೋನಕ್ಕೆ ಹೊರಳಿಸಿಯೇ ನಡೆಯುತ್ತದೆ. ಇಂತಹ ವಾಹನಗಳಿಗೆ ಮುಂದೆ ಪ್ರೋಗ್ರಾಂ ಬರೆಯಬೇಕಾದ ನಮ್ಮ ಹುಡುಗರು, ವಾಹನವೆಂದರೆ ನಿಂತಲ್ಲಿಯೇ ಬುಗುರಿಯಂತೆ ತಿರುಗುವ ಹಲಗೆಯೆಂದು ತಿಳಿದು ಬೆಳೆದರೆ, ಅವರು ಬರೆಯುವ ಮೊದಲ ಸಾಲೇ ತಪ್ಪಾಗುತ್ತದೆ.

ಆದುದರಿಂದ ಜಿಲ್ಲಾ ಮಟ್ಟದ ವಿಜ್ಞಾನ ಪ್ರದರ್ಶನಗಳಲ್ಲಿ ಡಂಪರಿಗೊಂದು ಸ್ಪರ್ಧೆ ಏರ್ಪಡಲಿ. ಹೈಸ್ಕೂಲಿನ ಮಕ್ಕಳೂ ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಗಳೂ ಒಂದೊಂದು ತಂಡದಲ್ಲಿ ಕೂಡಿ ದುಡಿಯಲಿ. ಮೈಸೂರಿನ ಕಾರ್ಖಾನೆ ತನ್ನ ಹಳೆಯ ಮಾದರಿಯೊಂದರ ಮುಖ್ಯ ಅಳತೆಗಳ ನಕ್ಷೆಯನ್ನು ಶಾಲೆಗಳಿಗೆ ಕೊಡಲಿ. ತೀರ್ಪುಗಾರರ ಕೆಲಸವೂ ಕಷ್ಟದ್ದಲ್ಲ. ಅಂಗಳಕ್ಕೆ ನೀರು ಚಿಮುಕಿಸಿ, ಮೇಲೆ ತೆಳ್ಳಗೆ ರಂಗೋಲಿ ಪುಡಿ ಹರಡಿ, ಮರಳು ತುಂಬಿದ ಡಂಪರನ್ನು ಪೂರ್ತಿಯಾಗಿ ಹೊರಳಿಸಿದ ಚಕ್ರಗಳಲ್ಲಿ ನಿಧಾನವಾಗಿ ಒಂದು ಸುತ್ತು ಬರಿಸಬೇಕು. ಹಿಂದಿನ ಜೋಡಿಟೈರುಗಳು ಒಂದೇ ಹಬ್‌ಗೆ ಬಿಗಿದಿರುವುದರಿಂದ ಅವು ಅಲ್ಪಸ್ವಲ್ಪ ಉಜ್ಜುವುದು ಸಹಜ, ಅದಕ್ಕೆ ಅಂಕ ಕಳೆಯಬೇಕಾಗಿಲ್ಲ. ಮುಂದಿನ ಎರಡು ಟೈರುಗಳ ಗುರುತು ಮಾತ್ರ ಸುತ್ತಿನ ಉದ್ದಕ್ಕೂ ಸ್ಪಷ್ಟವಾಗಿರಬೇಕು, ಪುಡಿ ಪಕ್ಕಕ್ಕೆ ಕೆದರಿದಲ್ಲಿ ಅಳತೆಪಟ್ಟಿ ಇಟ್ಟು ನೋಡಬೇಕು. ಬಾಡಿಯನ್ನು ಎತ್ತಿ ಮರಳು ಸುರಿಯುವುದಕ್ಕೆ ಅಂಕವೇ ಬೇಡ. ಅದನ್ನು ಹೇಗೂ ಎಲ್ಲರೂ ಮಾಡಿಕೊಂಡು ಬರುತ್ತಾರೆ.